ಹೊಸ ಆವೃತ್ತಿ ಸೇರಿದ ಮೇಲೆ ನಿಧಾನವಾಗುವ ಗಣಕಯಂತ್ರ: ಕಾರಣ ಮತ್ತು ಪರಿಹಾರ

ಗಣಕಯಂತ್ರವು ಈಗ ಪಟ್ಟಣದ ಕಚೇರಿಗಳಿಗೆ ಮಾತ್ರ ಸೇರಿದ ವಸ್ತುವಾಗಿ ಉಳಿದಿಲ್ಲ. 2000ದಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ ನಮ್ಮ ಪಹಣಿಗಳು ಗಣಕಯಂತ್ರವನ್ನು ಸೇರಿದವು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ನೀಡಿತು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಊರಿನಲ್ಲಿ ಮಕ್ಕಳ ಓದಿಗೆಂದು ತಂದ ಯಂತ್ರದಲ್ಲಿಯೇ ಹೊಲದ ಖರ್ಚು, ಉಳ್ಳಾಗಡ್ಡಿ ಮಾರಿದ ಪಟ್ಟಿ, ಮಹಿಳಾ ಸಂಘದ ಉಳಿತಾಯದ ಲೆಕ್ಕ ಇವೆಲ್ಲ ಸೇರಿಕೊಂಡಿರಬಹುದು. ಅಂಥ ಯಂತ್ರವು ಒಂದು ದಿನ ತಾನಾಗಿ ‘ಅಪ್‌ಡೇಟ್’ ಆಗುತ್ತದೆ. ಮರುದಿನದಿಂದ ಒಂದು ಕಡತ ತೆರೆಯಲು ಐದು ನಿಮಿಷ ಬೇಕಾಗುತ್ತದೆ. “ಅಪ್‌ಡೇಟ್ ಆದ ಮ್ಯಾಲೆ ಎತ್ತು ಮಲಕ್ಕೊಂಡಂಗ ಆಗೇತ್ರಿ” ಎಂಬ ದೂರು ಆಗ ಹುಟ್ಟುತ್ತದೆ.

ಇಂಥ ಸಮಯದಲ್ಲಿ ಜನರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಯಂತ್ರವನ್ನು ಅಂಗಡಿಗೆ ಒಯ್ದು ‘ಫಾರ್ಮ್ಯಾಟ್’ ಹೊಡೆಸುವುದು. ಇನ್ನೊಂದು, ಸಾಲ ಮಾಡಿ ಹೊಸದನ್ನು ತರುವುದು. ಫಾರ್ಮ್ಯಾಟ್ ಎಂದರೆ ಆ ಭಾಗದಲ್ಲಿ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ತಂತ್ರಾಂಶ ತುಂಬುವುದು. ಬೇರೆಡೆ ನಕಲು ಇಲ್ಲದಿದ್ದರೆ ಏಳೆಂಟು ವರ್ಷದ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಈ ಎರಡೂ ಅಗತ್ಯವಿರುವುದಿಲ್ಲ. ಆದುದರಿಂದ ಬೇರೇನನ್ನೂ ಮಾಡುವ ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ಇಲ್ಲವೆ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಯಂತ್ರ ಎಷ್ಟೇ ನಿಧಾನವಾಗಿದ್ದರೂ ಇದನ್ನು ಬಿಡಬಾರದು. ಒಳಗಿನಿಂದ ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರೆ ಡಿಸ್ಕು ಸಾಯುತ್ತಿದೆ ಎಂದೇ ತಿಳಿದು, ಅದೇ ದಿನ ನಕಲು ಮಾಡಿಕೊಳ್ಳುವುದು ಒಳ್ಳೆಯದು.

ಮೊದಲ ಎರಡು ದಿನ

ಯಂತ್ರದ ಭಾಗಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ವಿಂಡೋಸ್. ಇದರ ಸಣ್ಣ ತಿದ್ದುಪಡಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಆವೃತ್ತಿ ಬರುತ್ತದೆ. ದೊಡ್ಡದು ಸೇರಿದ ಮೇಲೆ ಯಂತ್ರವು ತನ್ನೊಳಗಿನ ಕಡತಗಳಿಗೆ ಮತ್ತೆ ಸೂಚಿ ತಯಾರಿಸುತ್ತದೆ, ಎಲ್ಲವನ್ನೂ ವೈರಸ್ ತಪಾಸಣೆಗೆ ಒಳಪಡಿಸುತ್ತದೆ, ಉಳಿದ ತಿದ್ದುಪಡಿಗಳನ್ನು ಇಳಿಸಿಕೊಳ್ಳುತ್ತದೆ. ಹಳೆಯ ಯಂತ್ರದಲ್ಲಿ ಇದಕ್ಕೆ ಒಂದೆರಡು ದಿನ ಹಿಡಿಯಬಹುದು. ಹೊಸ ನೊಗಕ್ಕೆ ಎತ್ತು ಹೊಂದಿಕೊಳ್ಳುವವರೆಗೆ ಕಾಯುವಂತೆ ಇಲ್ಲಿಯೂ ಕಾಯಬೇಕು. ರಾತ್ರಿ ವಿದ್ಯುತ್ತಿಗೆ ಜೋಡಿಸಿ, ನಿದ್ರಾಸ್ಥಿತಿಗೆ ಹೋಗದಂತೆ ಮಾಡಿ, ಚಾಲೂ ಇಟ್ಟರೆ ಈ ಕೆಲಸ ಬೇಗ ಮುಗಿಯುತ್ತದೆ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸಿಲ್ಲ. ವಿಂಡೋಸ್‌ನಲ್ಲಿ ‘ಶಟ್ ಡೌನ್’ ಒತ್ತಿದರೆ ಯಂತ್ರ ಪೂರ್ತಿಯಾಗಿ ಹೊಸದಾಗಿ ಶುರುವಾಗುವುದಿಲ್ಲ. ಮಾರನೆಯ ದಿನ ಬೇಗ ಏಳಲೆಂದು ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ದಿನವೂ ಶಟ್ ಡೌನ್ ಮಾಡುವವರು ಅಪ್‌ಡೇಟಿನ ನಂತರ ಒಂದೆರಡು ಸಲ ರೀಸ್ಟಾರ್ಟ್ ಮಾಡಿ ನೋಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.

ಯಾವುದು ದುಡಿಯುತ್ತಿದೆ?

ಮೂರನೆಯ ದಿನವೂ ಸುಧಾರಿಸದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳ ಮೇಲೆ ಶೇಕಡಾವಾರು ಅಂಕಿ ಕಾಣುತ್ತದೆ. ರೋಗ ಯಾವುದೆಂದು ತಿಳಿಯದೆ ಔಷಧ ಹೊಡೆಯಬಾರದೆಂದು ನಾವು ಬೆಳೆಯ ವಿಷಯದಲ್ಲಿ ಹೇಳುತ್ತಲೇ ಬಂದಿದ್ದೇವೆ. ಇಲ್ಲಿ ಈ ಪಟ್ಟಿಯೇ ರೋಗಪರೀಕ್ಷೆ. ಏನೂ ಕೆಲಸ ಮಾಡದೆ ಕುಳಿತಿದ್ದಾಗಲೂ ಡಿಸ್ಕ್ 100ರ ಹತ್ತಿರ ನಿಂತಿದ್ದರೆ ಅಡಚಣೆ ಡಿಸ್ಕಿನದು. ಮೆಮೊರಿ 85, 90 ಎಂದು ತೋರಿಸುತ್ತಿದ್ದರೆ ರ್‍ಯಾಮ್ ಸಾಲದು. ಸಿಪಿಯು ಮೇಲೇರಿದ್ದರೆ ಯಾವ ಕಾರ್ಯಕ್ರಮ ಅದನ್ನು ದುಡಿಸುತ್ತಿದೆ ಎಂಬುದು ಅದೇ ಸಾಲಿನಲ್ಲಿ ಹೆಸರು ಸಹಿತ ಕಾಣುತ್ತದೆ.

ಇದೇ ಪಟ್ಟಿಯಲ್ಲಿ, ಯಂತ್ರ ಎದ್ದೊಡನೆ ತಾವಾಗಿ ಶುರುವಾಗುವ ಕಾರ್ಯಕ್ರಮಗಳ ಭಾಗವೊಂದಿದೆ. ಆಟ, ಹಾಡು, ಮಾತುಕತೆಯ ತಂತ್ರಾಂಶಗಳು ಕೇಳದೆಯೇ ಅಲ್ಲಿ ಸೇರಿಕೊಂಡಿರುತ್ತವೆ. ಬೇಡವಾದುವನ್ನು ‘ಡಿಸೇಬಲ್’ ಮಾಡಿರಿ. ಎರಡು ವೈರಸ್ ನಿರೋಧಕಗಳಿದ್ದರೆ ಒಂದನ್ನು ತೆಗೆಯಬೇಕು. ಅವು ಒಂದು ಗೂಟಕ್ಕೆ ಕಟ್ಟಿದ ಎರಡು ಕೋಣಗಳಂತೆ. ಫೋನಿನ ಇಂಟರ್‌ನೆಟ್ ಬಳಸುವವರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ಅಪ್‌ಡೇಟಿಗೆ ಹೋಗುವ ದತ್ತಾಂಶ ಬಹುಮಟ್ಟಿಗೆ ಉಳಿಯುತ್ತದೆ.

ಬಣವೆ ಮತ್ತು ಕಣ

ಡಿಸ್ಕು ಬಣವೆ ಇದ್ದಂತೆ, ರ್‍ಯಾಮ್ ಕಣ ಇದ್ದಂತೆ. ಬಣವೆಯಿಂದ ಸೂಡು ತಂದು ಕಣದಲ್ಲಿ ಹರವಿದ ಮೇಲೆಯೇ ಒಕ್ಕಣೆ. ಕಣ ಚಿಕ್ಕದಾದರೆ ಹರವಿದ್ದನ್ನು ಮತ್ತೆ ಬಣವೆಗೆ ಒಯ್ದು, ಬೇಕೆಂದಾಗ ಮತ್ತೆ ತರಬೇಕಾಗುತ್ತದೆ. ರ್‍ಯಾಮ್ ಸಾಲದ ಯಂತ್ರವು ದಿನವಿಡೀ ಮಾಡುವುದು ಇದನ್ನೇ.

ಹಳೆಯ ಯಂತ್ರಗಳಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯೊಂದು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತದೆ. 1500 ಸುತ್ತಿನ ಡೀಸೆಲ್ ಪಂಪ್‌ಸೆಟ್ ನೋಡಿದವರಿಗೆ ಇದು ದೊಡ್ಡ ವೇಗವೆನಿಸಬಹುದು. ಆದರೆ ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಬೇಕಾದ ಜಾಗ ಹಿಡಿಯಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಅಂದರೆ ಸೆಕೆಂಡಿಗೆ ನೂರರ ಸುಮಾರು ಸಲ ಮಾತ್ರ. ಹೊಸ ಆವೃತ್ತಿಗಳು ಸಾವಿರಾರು ಸಣ್ಣ ಕಡತಗಳನ್ನು ಒಮ್ಮೆಲೇ ಕೇಳುತ್ತವೆ. ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲ ಉತ್ತರ ಕೊಡಬಲ್ಲದು. ಹೀಗಾಗಿ ಅಪ್‌ಡೇಟ್ ಯಂತ್ರವನ್ನು ಕೆಡಿಸಿತು ಎನ್ನುವುದಕ್ಕಿಂತ, ಮೊದಲೇ ಇದ್ದ ಡಿಸ್ಕಿನ ದೌರ್ಬಲ್ಯವನ್ನು ಹೊರಗೆ ತಂದಿತು ಎನ್ನುವುದು ಹಲವು ಸಂದರ್ಭಗಳಲ್ಲಿ ಸರಿ.

ನಮ್ಮ ಅಭಿಪ್ರಾಯದಲ್ಲಿ ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಾದರೆ ಮೊದಲ ಹಣ ಎಸ್‌ಎಸ್‌ಡಿಗೆ, ಎರಡನೆಯದು ರ್‍ಯಾಮ್‌ಗೆ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್ ಕನಿಷ್ಠವೆಂದು ಕಂಪನಿ ಹೇಳಿದ್ದರೂ 8 ಜಿಬಿ ಇದ್ದರೆ ಹಾಯಾಗಿ ನಡೆಯುತ್ತದೆ. ಮುಂಡರಗಿಯಲ್ಲಾಗಲಿ ಗದಗಿನಲ್ಲಾಗಲಿ ಅಂಗಡಿಗೆ ಹೋದಾಗ “ಹಳೆಯ ಡಿಸ್ಕನ್ನು ಹೊಸದಕ್ಕೆ ಇದ್ದಂತೆಯೇ ನಕಲು ಮಾಡಿಕೊಡಿ” ಎಂದು ಸ್ಪಷ್ಟವಾಗಿ ಹೇಳಿರಿ. ತೆಗೆದ ಡಿಸ್ಕನ್ನು ಮರಳಿ ಕೇಳಿ ತಂದು ಜೋಪಾನವಾಗಿ ಇಡಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಬದಲಿಸಲು ಬರುವುದಿಲ್ಲ. ಕೊಳ್ಳುವ ಮೊದಲು ವಿಚಾರಿಸಿರಿ.

ಒಕ್ಕಣೆಯ ಕಾಲದ ಧೂಳು ಒಳಗಿನ ಫ್ಯಾನಿಗೆ ಮೆತ್ತಿಕೊಂಡರೆ ಶಾಖ ಹೊರಹೋಗದೆ ಯಂತ್ರ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾತ್ರ ನಿಧಾನವಾಗುವ ಯಂತ್ರವನ್ನು ಮೊದಲು ಸ್ವಚ್ಛ ಮಾಡಿಸಬೇಕು.

ತಪ್ಪು ಅಪ್‌ಡೇಟಿನದೇ ಆಗಿದ್ದರೆ

ಹಾಗೂ ಆಗುವುದುಂಟು. 2019ರ ಆಗಸ್ಟ್ 30ರಂದು ವಿಂಡೋಸ್ 10ಕ್ಕೆ ಬಂದ ತಿದ್ದುಪಡಿಯೊಂದರಿಂದ ಕೆಲವು ಯಂತ್ರಗಳಲ್ಲಿ ಹುಡುಕಾಟದ ಕಾರ್ಯಕ್ರಮವು ಸುಮ್ಮನೆ ಸಿಪಿಯುವನ್ನು ದುಡಿಸತೊಡಗಿತು. ಸೆಪ್ಟೆಂಬರ್ 10ರ ತಿದ್ದುಪಡಿಯಲ್ಲಿ ಅದು ಸರಿಹೋಯಿತು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಎಎಂಡಿ ಕಂಪನಿಯ ಸಿಪಿಯು ಇದ್ದ ಯಂತ್ರಗಳಲ್ಲಿ ಕೆಲವು ಕೆಲಸಗಳು ನಿಧಾನವಾದವು. ಅದೇ ತಿಂಗಳು ಪರಿಹಾರವೂ ಬಂತು. ಆದುದರಿಂದ ಮುಂದಿನ ತಿದ್ದುಪಡಿಗೆ ಕಾಯುವುದೂ ಒಂದು ಉಪಾಯವೇ.

ಕಾಯಲು ಸಾಧ್ಯವಿಲ್ಲದಿದ್ದರೆ ತಿಂಗಳ ತಿದ್ದುಪಡಿಯನ್ನು ಸೆಟ್ಟಿಂಗ್ಸ್‌ನ ಅಪ್‌ಡೇಟ್ ಇತಿಹಾಸದಿಂದ ತೆಗೆದುಹಾಕಬಹುದು. ದೊಡ್ಡ ಆವೃತ್ತಿಯಾದರೆ 10 ದಿನಗಳೊಳಗೆ ‘ರಿಕವರಿ’ ವಿಭಾಗದಿಂದ ಹಿಂದಿನ ಆವೃತ್ತಿಗೆ ಮರಳಬಹುದು. ಅಲ್ಲಿಯವರೆಗೆ ಹಳೆಯ ಆವೃತ್ತಿಯ ಕಡತಗಳು ಡಿಸ್ಕಿನಲ್ಲಿ ಜಾಗ ಹಿಡಿದುಕೊಂಡಿರುತ್ತವೆ. ಅವಸರಪಟ್ಟು ಅವನ್ನು ಅಳಿಸಿದರೆ ಮರಳುವ ದಾರಿ ಮುಚ್ಚುತ್ತದೆ. ಎಲ್ಲ ಸರಿಯಿದೆ ಎನಿಸಿದ ಮೇಲೆ ಅಳಿಸಿದರೆ ಡಿಸ್ಕಿನಲ್ಲಿ ಬಹಳ ಜಾಗ ಸಿಗುತ್ತದೆ.

ಅಪ್‌ಡೇಟನ್ನೇ ಕಾಯಂ ನಿಲ್ಲಿಸಿಬಿಡುವುದು ಸರಿಯಲ್ಲ. ಕಳ್ಳರು ನುಗ್ಗುವ ಕಂಡಿಗಳನ್ನು ಮುಚ್ಚುವುದು ಅದೇ. ವಿಂಡೋಸ್ 10ಕ್ಕೆ ಸಾಮಾನ್ಯ ತಿದ್ದುಪಡಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಗೃಹಬಳಕೆದಾರರಿಗೆ ರಕ್ಷಣೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷ ಕೊಡುವುದಾಗಿ ಕಂಪನಿ ಆಗ ಪ್ರಕಟಿಸಿತ್ತು. ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಳೆಯ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥವುಗಳಿಗೆ ಒತ್ತಾಯದಿಂದ ಅದನ್ನು ತುಂಬಿಸುವುದಕ್ಕಿಂತ, ಲೆಕ್ಕ ಬರೆಯಲು ಮತ್ತು ಓದಲು ಮಾತ್ರ ಬಳಸುವವರು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಬಹುದು. ಅದರಲ್ಲಿ ಕನ್ನಡವೂ ಬರುತ್ತದೆ. ಬೆರಳಚ್ಚಿನ ಸಾಧನ ಜೋಡಿಸುವವರು ಮಾತ್ರ ಅದು ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು.

ತಂತ್ರಾಂಶ ಹೊಸದಾಗಿ ಹಾಕಿಸಿದ ಮೇಲೆ ಹಳೆಯ ನುಡಿ ಅಕ್ಷರದ ಕಡತಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಂಡರೆ ಗಾಬರಿ ಬೇಡ. ಬರೆದದ್ದು ಹೋಗಿಲ್ಲ, ನುಡಿ ಅಕ್ಷರಶೈಲಿಯನ್ನು ಮತ್ತೆ ಸೇರಿಸಿದರೆ ಕನ್ನಡ ಮರಳುತ್ತದೆ. “ನಿಮ್ಮ ಯಂತ್ರ ನಿಧಾನವಾಗಿದೆ, ಈ ಸಂಖ್ಯೆಗೆ ಫೋನ್ ಮಾಡಿ” ಎಂದು ಪರದೆಯ ಮೇಲೆ ಬರುವ ಸೂಚನೆಗಳು ಮೋಸದವು. ಅಂಥ ಸಂಖ್ಯೆಗೆ ಕರೆ ಮಾಡಬಾರದು, ಅವರು ಹೇಳಿದ್ದನ್ನು ಇಳಿಸಿಕೊಳ್ಳಲೂ ಬಾರದು.

ಬೆಳೆ ವಿಮೆಯ ಕೊನೆಯ ವಾರ, ಸಂಘದ ವಾರ್ಷಿಕ ಲೆಕ್ಕ ಮುಗಿಸುವ ಮಾರ್ಚ್ ತಿಂಗಳು, ಮಕ್ಕಳ ಅರ್ಜಿ ತುಂಬುವ ದಿನಗಳು ಇಂಥ ಹೊತ್ತಿನಲ್ಲಿ ಅಪ್‌ಡೇಟನ್ನು ಸೆಟ್ಟಿಂಗ್ಸ್‌ನಿಂದ ಐದು ವಾರಗಳವರೆಗೆ ತಡೆದಿಡಲು ಅವಕಾಶವಿದೆ. ಕೆಲಸ ಮುಗಿದ ಮೇಲೆ ಬಿಡುವಿನ ರಾತ್ರಿಯೊಂದನ್ನು ನೋಡಿ ತಡೆ ತೆಗೆಯಿರಿ. ಆಗ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಬೇಕು, ಮೇಜಿನ ಯಂತ್ರವಾದರೆ ಯುಪಿಎಸ್ ಇರಬೇಕು. ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರೆ ಯಂತ್ರವು ಮತ್ತೆ ಏಳದೆಯೇ ಇರಬಹುದು.