ಊರ ಓಣಿಯ ತಂಪು ಬಾಯ್ನಾದ ಗಲ್ಲಿಗೆ ಏಕಿಲ್ಲ?

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಗೋವಾದ ವಾಸ್ಕೋ ಪಕ್ಕದ ಬಾಯ್ನಾದಲ್ಲಿ 33ರ ಆಸುಪಾಸು. ಲೆಕ್ಕಕ್ಕೆ ಬಾಯ್ನಾವೇ ತಂಪಿರಬೇಕು. ಆದರೆ ದುಡಿಯಲು ಇಲ್ಲಿಗೆ ಬಂದ ನಮ್ಮವರು ಹೇಳುವುದು ಬೇರೆ: ಊರಲ್ಲಿ ಮಟಮಟ ಮಧ್ಯಾಹ್ನವೂ ಓಣಿಯ ಕಟ್ಟೆಯ ಮೇಲೆ ಕೂರಬಹುದು, ಇಲ್ಲಿನ ಗಲ್ಲಿಯಲ್ಲಿ ರಾತ್ರಿ ಎಂಟಾದರೂ ಕೂರಲಾಗದು. ಈ ಮಾತು ಬರೀ ಊರಿನ ಹಂಬಲವಲ್ಲ, ಅದಕ್ಕೆ ಕಾರಣವಿದೆ.

ಮೈಗೆ ತಟ್ಟುವ ಸೆಖೆಯನ್ನು ನಾಲ್ಕು ಸಂಗತಿಗಳು ಸೇರಿ ನಿರ್ಧರಿಸುತ್ತವೆ: ಗಾಳಿಯ ಬಿಸಿ, ಅದರಲ್ಲಿನ ತೇವ, ಅದರ ವೇಗ, ಮತ್ತು ಸೂರ್ಯನಿಂದಲೂ ಕಾದ ಗೋಡೆ, ಚಾವಣಿ, ನೆಲದಿಂದಲೂ ಸೂಸುವ ಕಾವು. ಥರ್ಮಾಮೀಟರ್ ತೋರಿಸುವುದು ಮೊದಲನೆಯದನ್ನು ಮಾತ್ರ.

ಬಯಲುಸೀಮೆಯ ಒಣಹವೆಯಲ್ಲಿ ಬೆವರು ತಾನೇ ಆರುತ್ತದೆ. ಅಲ್ಲಿ ವೈರಿ ಬಿಸಿಲು ಮತ್ತು ಝಳ. ಒತ್ತೊತ್ತಾಗಿ ನಿಂತ ಮಾಳಿಗೆ ಮನೆಗಳು, ದಪ್ಪ ಮಣ್ಣಿನ ಗೋಡೆ, ಕಿರಿದಾದ ಓಣಿ – ಇವೆಲ್ಲ ಸೇರಿ ಒಂದು ಮನೆಯ ನೆರಳನ್ನು ಇನ್ನೊಂದು ಮನೆಗೆ ಕೊಡುತ್ತವೆ. ಅಂಥದೇ ಒಣಹವೆಯ ಊರು ಮೊರೊಕ್ಕೊದ ಫೆಜ್. ಅಲ್ಲಿ ಎರಿಕ್ ಜೊಹಾನ್ಸನ್ ಎಂಬ ಸಂಶೋಧಕರು ಅಳತೆ ಮಾಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೇಸಿಗೆಯ ಹಗಲಿನಲ್ಲಿ ಆಳವಾದ ಇಕ್ಕಟ್ಟು ಬೀದಿ ಅಗಲ ಬೀದಿಗಿಂತ ಸರಾಸರಿ 6 ಡಿಗ್ರಿಯಷ್ಟು ತಂಪಾಗಿತ್ತು.

ಕರಾವಳಿಯಲ್ಲಿ ಇಷ್ಟೇ ಸಾಲದು. ಹವೆಯೇ ತೇವದಿಂದ ತುಂಬಿರುವಾಗ ಬೆವರು ಆರದೆ ಮೈಮೇಲೆ ಹರಿಯುತ್ತದೆ. ಅದನ್ನು ಆರಿಸಲು ಗಾಳಿ ಬೀಸಲೇಬೇಕು. ಮುರ್ಮುಗೋವಾ ಭೂಶಿರದ ದಕ್ಷಿಣ ಮಗ್ಗುಲಲ್ಲಿರುವ ಬಾಯ್ನಾಕ್ಕೆ ಗಾಳಿಯ ಬರವಿಲ್ಲ, ಎದುರಿಗೇ ಅರಬ್ಬಿ ಸಮುದ್ರ. ಆದರೆ ಆ ಗಾಳಿ ಮೊದಲ ಸಾಲಿನ ಮನೆಗಳ ಬೆನ್ನು ದಾಟಿ ಒಳಗೆ ಬರುವುದೇ ಅಪರೂಪ. ಗಾಳಿಗೆ ಅಡ್ಡಲಾಗಿರುವ ಬೀದಿಯಲ್ಲಿ, ಮನೆಯ ಎತ್ತರ ಬೀದಿಯ ಅಗಲದ ಸುಮಾರು ಮುಕ್ಕಾಲು ಪಾಲನ್ನು ಮೀರಿದರೆ, ಗಾಳಿ ಕೆಳಗಿಳಿಯದೆ ಚಾವಣಿಗಳ ಮೇಲೆಯೇ ಜಾರಿ ಹೋಗುತ್ತದೆ. ಇದನ್ನು ಕೆನಡಾದ ಹವಾಮಾನ ವಿಜ್ಞಾನಿ ಟಿ. ಆರ್. ಓಕ್ 1980ರ ದಶಕದಲ್ಲೇ ವಿವರಿಸಿದ್ದಾರೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ನಮ್ಮ ಗಲ್ಲಿಗಳಿಗೆ ಈ ಲೆಕ್ಕ ಹಾಕುವುದೇ ಬೇಡ. ಮೇಲೆ ತಗಡಿನ ಚಾವಣಿ ಬೇರೆ. ಅದು ಹಗಲೆಲ್ಲ ಕಾದು ಮನೆಯೊಳಗೆ ಕಾವು ಸುರಿಯುತ್ತದೆ, ಕತ್ತಲಾದ ಮೇಲೆ ಸಿಮೆಂಟು ಗೋಡೆಗಳು ಅದೇ ಕೆಲಸ ಮುಂದುವರಿಸುತ್ತವೆ.

ಹಾಗಾದರೆ ಗಲ್ಲಿ ಅಗಲ ಮಾಡಿದರಾಯಿತೇ? ಇಲ್ಲ. ಜೊಹಾನ್ಸನ್ ಅವರೇ ರೋಹಿಂಟನ್ ಇಮ್ಯಾನ್ಯುಯೆಲ್ ಅವರೊಂದಿಗೆ ಕೊಲಂಬೊದಲ್ಲಿ ನೋಡಿದಾಗ, ಮರವಿಲ್ಲದ, ತಗ್ಗು ಮನೆಗಳ ಅಗಲ ಬೀದಿಗಳೇ ಅತಿ ಕಷ್ಟದವಾಗಿದ್ದವು. ನೆರಳಿದ್ದ ಬೀದಿಗಳೂ ಕಡಲಗಾಳಿ ತಲುಪುವ ಜಾಗಗಳೂ ಹಿತವಾಗಿದ್ದವು. ಅಂದರೆ ನಮಗೆ ಎರಡೂ ಬೇಕು: ನೆರಳು ತಲೆಯ ಮೇಲಿರಬೇಕು, ಗಾಳಿ ಎದೆಮಟ್ಟದಲ್ಲಿ ಹರಿಯಬೇಕು. ಅದನ್ನು ಗೋಡೆ ಕೊಡಲಾರದು, ಎತ್ತರದ ಕಾಂಡದ ಮರ ಕೊಡುತ್ತದೆ.

ಆದರೆ ಮರ ನೆಡುವವರು ಯಾರು? ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರು ಸಿಕ್ಕ ಜಾಗದಲ್ಲಿ ಸೂರು ಕಟ್ಟಿಕೊಂಡರು. 2004ರ ಜೂನ್‌ನಲ್ಲಿ ಬಾಯ್ನಾ ಕಡಲತೀರದ ವಸತಿಗಳನ್ನು ಸರ್ಕಾರ ನೆಲಸಮ ಮಾಡಿದ್ದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ನಾಳೆ ಉಳಿಯುವುದೋ ಇಲ್ಲವೋ ತಿಳಿಯದ ಮನೆಯ ಮುಂದೆ ಹತ್ತು ವರ್ಷಕ್ಕೆ ನೆರಳು ಕೊಡುವ ಸಸಿ ನೆಡಲು ಮನಸ್ಸು ಬಾರದು, ತಗಡು ತೆಗೆದು ಹೆಂಚು ಹೊದಿಸಲು ಕೈಯೂ ಬಾರದು. ಸೆಖೆಯ ಮಾತು ಕೊನೆಗೆ ಹಕ್ಕುಪತ್ರದ ಮಾತಿಗೇ ಬಂದು ನಿಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಕೈಲಾಗುವುದು ಸ್ವಲ್ಪವಿದೆ. ತಗಡಿಗೆ ಬಿಳಿ ಬಣ್ಣ ಬಳಿದರೆ ಕಾವು ಕಡಿಮೆ. ಕಡಲ ಕಡೆಗೆ ತೆರೆದ ಗಲ್ಲಿಯ ಬಾಯಿಗೆ ಸಾಮಾನು ಒಟ್ಟುವುದು, ತಗಡು ಅಡ್ಡ ಕಟ್ಟುವುದು ಬೇಡ, ಹಿಂದಿನ ಹತ್ತು ಮನೆಗಳ ಉಸಿರು ಅದೇ. ಬೇಸಿಗೆಯಲ್ಲಿ ಬಸವ ಜಯಂತಿಗೆ ಪೆಂಡಾಲ್ ಹಾಕುವ ಸದಸ್ಯರು ಊರು ನೋಡಿ ಹಾಕಲಿ. ಸೊಲ್ಲಾಪುರ, ಜತ್ತದಂಥ ಕಡೆ ಬಿಸಿಲು ಬರುವ ಮಗ್ಗುಲಿಗೆ ಪರದೆ ಕಟ್ಟಿದರೆ ಒಳ್ಳೆಯದು. ಬಾಯ್ನಾದಲ್ಲೂ ಕಾಸರಗೋಡಿನಲ್ಲೂ ಮೇಲ್ಹೊದಿಕೆಯನ್ನು ಎತ್ತರಕ್ಕೆ ಕಟ್ಟಿ, ಪಕ್ಕದ ಪರದೆಗಳನ್ನು ಬಿಚ್ಚಿಬಿಡಿ.