ಸಾಕುಮೊಲದ ಆಹಾರಕ್ರಮ

ಜಾತ್ರೆ ಸಂತೆಗಳಿಂದ ಮಕ್ಕಳು ಬಿಳಿಯ ಮೊಲದ ಮರಿಯನ್ನು ಹಟ ಹಿಡಿದು ಮನೆಗೆ ತರುವುದುಂಟು. ನಮ್ಮ ಮನೆಗೂ ಅಂಥದೊಂದು ಮರಿ ಬಂದಿತ್ತು. ಮನೆಮಂದಿಯೆಲ್ಲ ಅಕ್ಕರೆಯಿಂದ ಅದಕ್ಕೆ ಜೋಳದ ರೊಟ್ಟಿ, ಅನ್ನ, ಶೇಂಗಾ, ಗಜ್ಜರಿಗಳನ್ನು ತಿನ್ನಿಸಿದೆವು. ಮೂರು ತಿಂಗಳೊಳಗೆ ಹೊಟ್ಟೆ ಉಬ್ಬಿ ಅದು ಅಸುನೀಗಿತು. ನಮ್ಮ ಅಜ್ಞಾನವೇ ಅದರ ಸಾವಿಗೆ ಕಾರಣವಾಯಿತೆಂಬುದು ತರುವಾಯ ಅರಿವಾಯಿತು. ಅದೇ ತಪ್ಪು ಇತರರಿಂದ ಆಗದಿರಲೆಂದು ಈ ನಾಲ್ಕು ಮಾತುಗಳು.

ಮೊದಲಿಗೆ ಒಂದು ಭೇದವನ್ನು ಗಮನಿಸಬೇಕು. ಮನೆಯಲ್ಲಿ ಸಾಕುವ ಮೊಲವು ಯುರೋಪು ಮೂಲದ ತಳಿ. ಸೇಡಂ, ಚಿತ್ತಾಪುರದ ಹೊಲಗಳಲ್ಲಿಯೂ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿನಲ್ಲಿಯೂ ಓಡಾಡುವ ಕಾಡುಮೊಲವು ಬೇರೆಯೇ ಜಾತಿಗೆ ಸೇರಿದುದು. ಅದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತದೆ. ನಾರುಳ್ಳ ಹುಲ್ಲನ್ನು ಸದಾ ಅಗಿಯುವುದರಿಂದ ಮಾತ್ರ ಅವು ಸವೆದು ಹದವಾಗಿರುತ್ತವೆ. ಅದರ ಕರುಳು ಚಲಿಸುವುದಕ್ಕೂ ನಾರೇ ಆಧಾರ. ದೊಡ್ಡದಾದ ಅಂಧಾಂತ್ರದಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತವೆ. ಅಲ್ಲಿಂದ ಬರುವ ಮೆತ್ತನೆಯ ಹಿಕ್ಕೆಯನ್ನು ಮೊಲವು ತಾನೇ ತಿಂದು ಸಸಾರಜನಕವನ್ನೂ ಬಿ ಜೀವಸತ್ವಗಳನ್ನೂ ಪಡೆಯುತ್ತದೆ. ಇದು ಕೆಟ್ಟ ಚಾಳಿಯೆಂದು ತಡೆಯಲಾಗದು. ರೊಟ್ಟಿ, ಅನ್ನ, ಬಿಸ್ಕತ್ತು, ಬೆಲ್ಲಗಳ ಪಿಷ್ಟ ಹಾಗೂ ಸಕ್ಕರೆಯಿಂದ ಈ ಸೂಕ್ಷ್ಮಜೀವಿಗಳ ಸಮತೋಲನ ಕೆಟ್ಟು ಹೊಟ್ಟೆ ಉಬ್ಬರಿಸುತ್ತದೆ.

ಆದುದರಿಂದ ಆಹಾರದ ಐದರಲ್ಲಿ ನಾಲ್ಕು ಪಾಲು ಹುಲ್ಲೇ ಆಗಿರತಕ್ಕದ್ದು. ಒಣಹುಲ್ಲು ಮತ್ತು ಕರಿಕೆ ಹಗಲಿರುಳೂ ಅದರ ಮುಂದಿರಲಿ. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪುಗಳನ್ನು ತೊಳೆದು ದಿನಕ್ಕೊಂದು ಹಿಡಿ ಕೊಡಬಹುದು. ಅಂಗಡಿಯ ಗುಳಿಗೆ ಆಹಾರವು 2 ಕಿಲೋ ತೂಕದ ಮೊಲಕ್ಕೆ ದಿನಕ್ಕೆ 50 ಗ್ರಾಂ ಮೀರಬಾರದು. ಗಜ್ಜರಿಯು ವಾರಕ್ಕೆ ಒಂದೆರಡು ತುಂಡು ಸಾಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಣಗಿಲೆ, ಔಡಲ, ದತ್ತೂರಿಗಳು ವರ್ಜ್ಯ.

ನಮ್ಮ ಭಾಗದಲ್ಲಿ ವಿಶೇಷವಾಗಿ ಲಕ್ಷ್ಯವಿಡಬೇಕಾದ ಸಂಗತಿಗಳಿವೆ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿ ತೊಗರಿ ನಮ್ಮ ಮುಖ್ಯ ಬೆಳೆ. ಹೂ ಕಾಯಿಗಳ ಕಾಲದಲ್ಲಿ ಕಾಯಿಕೊರಕ ಹುಳುವಿನ ಹತೋಟಿಗಾಗಿ ಅದಕ್ಕೆ ಕೀಟನಾಶಕ ಸಿಂಪಡಿಸುವುದರಿಂದ, ಆಗ ಅದರ ಸೊಪ್ಪನ್ನಾಗಲಿ ಬದುವಿನ ಹುಲ್ಲನ್ನಾಗಲಿ ತರಕೂಡದು. ಎಳೆಯ ಜೋಳದ ಪೈರಿನಲ್ಲಿ ದನಗಳನ್ನೇ ಕೊಲ್ಲುವ ಸಯನೈಡ್ ವಿಷವಿರುವುದನ್ನು ರೈತರು ಬಲ್ಲರು. ಅದು ಮೊಲಕ್ಕೂ ಬೇಡ. ಬೂಷ್ಟು ಹಿಡಿದ ಮೇವು ಎಂದಿಗೂ ಸಲ್ಲದು.

ಶಹಾಬಾದ, ವಾಡಿಗಳ ನೆಲ ಸುಣ್ಣದಕಲ್ಲಿನದು. ಮೊಲದ ದೇಹವು ಮೇವಿನ ಸುಣ್ಣಾಂಶವನ್ನು ಬಹುಪಾಲು ಹೀರಿಕೊಂಡು, ಹೆಚ್ಚಾದುದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ನೀರು ಸಾಲದಾದರೆ ಅದು ಗಟ್ಟಿಯಾಗಿ ಕಲ್ಲುಗಟ್ಟುವ ಸಂಭವವುಂಟು. ಆದಕಾರಣ ಸುಣ್ಣಾಂಶ ಹೆಚ್ಚಿರುವ ಕುದುರೆಮಸಾಲೆ ಸೊಪ್ಪನ್ನು ಬೆಳೆದ ಮೊಲಕ್ಕೆ ಮಿತವಾಗಿ ಕೊಡಬೇಕು. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 100 ಮಿಲಿಲೀಟರ್ ನೀರು ಬೇಕು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಗೂಡು ನೆರಳಿನಲ್ಲಿರಲಿ, ಮೇವನ್ನು ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ ಹಾಕಬೇಕು.

ಮೊಲವು ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣವೆಂದು ಸುಮ್ಮನಿರದೆ ಕೂಡಲೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಮೂಕಜೀವಿಯು ತನ್ನ ನೋವನ್ನು ಹೇಳಿಕೊಳ್ಳಲಾರದು; ಬರಿದಾಗದ ಮೇವಿನ ಬುಟ್ಟಿಯೇ ಅದರ ಮಾತು. ಗುರುಗಳೂ ಪಾಲಕರೂ ಇದನ್ನು ಮಕ್ಕಳಿಗೆ ಕಲಿಸಿದರೆ, ಮನೆಗೆ ಬಂದ ಮರಿಯು ಎಂಟು ಹತ್ತು ವರುಷ ಅವರ ಒಡನಾಡಿಯಾಗಿ ಬಾಳೀತು.