ಒಂದು ದ್ವೀಪ, ಎರಡು ನೆನಪು

ಮಾರಿಷಸ್ ಎಂದೊಡನೆ ನಮಗೆ ನೆನಪಾಗುವುದು ನೀಲಿ ಕಡಲು, ಬೆಳ್ಳನೆಯ ಮರಳು, ಮಧುಚಂದ್ರಕ್ಕೆ ಹೊರಟ ನವದಂಪತಿಗಳು. ವಿಸ್ತಾರದಲ್ಲಿ ನಮ್ಮ ಕೊಡಗು ಜಿಲ್ಲೆಯ ಹೆಚ್ಚುಕಡಿಮೆ ಅರ್ಧದಷ್ಟಿರುವ ಈ ದೇಶದಲ್ಲಿ, ಪ್ರವಾಸದ ಜಾಹೀರಾತುಗಳಲ್ಲಿ ಅಷ್ಟಾಗಿ ಕಾಣಿಸದ ಎರಡು ಸ್ಮಾರಕಗಳಿವೆ. ಒಂದು ರಾಜಧಾನಿ ಪೋರ್ಟ್ ಲೂಯಿಯ ಬಂದರಿನಲ್ಲಿದೆ. ಇನ್ನೊಂದು ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ಸ್ಮಶಾನವೊಂದರ ಪಕ್ಕದಲ್ಲಿದೆ. ಒಂದು ಭಾರತದ ಕೂಲಿಗಳ ಕಥೆ ಹೇಳುತ್ತದೆ, ಇನ್ನೊಂದು ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳ ಕಥೆ. ಇತಿಹಾಸ ಎಂದರೆ ರಾಜರ ಹೆಸರು ಮತ್ತು ಇಸವಿಗಳ ಬಾಯಿಪಾಠ ಎಂದು ತಿಳಿದಿರುವ ವಿದ್ಯಾರ್ಥಿಗಳು ಈ ಎರಡನ್ನೂ ಅರಿಯುವುದು ಒಳ್ಳೆಯದು.

ಮನುಷ್ಯರ ಮೇಲೊಂದು ಪ್ರಯೋಗ

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. ಮಾರಿಷಸ್‌ನಲ್ಲಿ ಅದು ಜಾರಿಗೆ ಬಂದದ್ದು 1835ರಲ್ಲಿ. ಕಬ್ಬಿನ ತೋಟಗಳಿಗೆ ಆಳು ಎಲ್ಲಿಂದ ತರುವುದು? ಮಾಲೀಕರ ಕಣ್ಣು ಭಾರತದ ಬಡವರ ಮೇಲೆ ಬಿತ್ತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಕಲ್ಕತ್ತದಿಂದ 36 ಮಂದಿಯನ್ನು ಹೊತ್ತು ಪೋರ್ಟ್ ಲೂಯಿಗೆ ಬಂತು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ ಸಂಬಳ.

ಇದನ್ನು ಬ್ರಿಟಿಷರು ‘ಮಹಾಪ್ರಯೋಗ’ ಎಂದು ಕರೆದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನನಗೆ ಆ ಮಾತು ಚುಚ್ಚುತ್ತದೆ. ನಮ್ಮ ಪ್ರಯೋಗಶಾಲೆಯ ಪ್ರನಾಳದಲ್ಲಿ ಇರುವುದು ಆಮ್ಲ, ಉಪ್ಪು. ಅಲ್ಲಿ ಇದ್ದವರು ಜೀವಂತ ಮನುಷ್ಯರು. ಪ್ರಯೋಗ ‘ಯಶಸ್ವಿ’ಯಾಯಿತು! ಸುಮಾರು ಐದು ಲಕ್ಷ ಜನ ಹೀಗೆ ಕರಾರು ಕೂಲಿಗಳಾಗಿ ಆ ದ್ವೀಪಕ್ಕೆ ಬಂದಿಳಿದರು. ಅದೇ ಪದ್ಧತಿ ಟ್ರಿನಿಡಾಡ್, ಗಯಾನ, ನೇಟಾಲ್, ಫಿಜಿಗಳಿಗೂ ಹಬ್ಬಿತು.

ಗುಲಾಮಗಿರಿ ಹೋದರೂ ತೋಟದ ಬದುಕು ಹಗುರಾಗಲಿಲ್ಲ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಸಂಬಳ ಕಡಿತ. ತೋಟ ಬಿಟ್ಟು ಹೊರಗೆ ಕಾಲಿಟ್ಟರೆ ಪೊಲೀಸರಿಗೆ ರಹದಾರಿ ತೋರಿಸಬೇಕು. ‘ಕೂಲಿ’ ಎಂದರೆ ನಮ್ಮಲ್ಲಿ ದುಡಿಮೆಗೆ ಸಿಗುವ ಪ್ರತಿಫಲ. ಅಲ್ಲಿ ಅದು ದುಡಿಯುವವನಿಗೇ ಅಂಟಿದ ಹೆಸರಾಯಿತು.

ಅವರನ್ನು ಇಳಿಸಿಕೊಳ್ಳುತ್ತಿದ್ದ ಡಿಪೋವನ್ನು 1849ರಿಂದ ಕಟ್ಟಲಾಯಿತು. ಅದೇ ಇಂದಿನ ‘ಆಪ್ರವಾಸಿ ಘಾಟ್’. ಹಡಗಿನಿಂದ ಇಳಿದವರು ಹತ್ತಿದ ಕಲ್ಲಿನ ಮೆಟ್ಟಿಲು, ತಂಗಿದ ಕೊಠಡಿ, ಅಡುಗೆಮನೆ, ಆಸ್ಪತ್ರೆ ಇವುಗಳ ಅವಶೇಷಗಳು ಅಲ್ಲಿ ಉಳಿದಿವೆ. 2006ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 2014ರಲ್ಲಿ ಪಕ್ಕದಲ್ಲೇ ಈ ಚರಿತ್ರೆಯನ್ನು ವಿವರಿಸುವ ಕೇಂದ್ರ ತೆರೆಯಿತು. ಮೋಕಾ ಎಂಬಲ್ಲಿರುವ ಮಹಾತ್ಮಾ ಗಾಂಧಿ ಸಂಸ್ಥೆ ವಲಸೆಯ ದಾಖಲೆ ಪುಸ್ತಕಗಳನ್ನೂ ಕೂಲಿಗಳ ಭಾವಚಿತ್ರಗಳನ್ನೂ ಕಾಪಾಡಿಕೊಂಡಿದೆ. ಕೂಲಿಗಳ ಮೇಲೆ ಹತೋಟಿ ಇಡಲೆಂದು ಅಧಿಕಾರಿಗಳು ಬರೆದಿಟ್ಟ ಅವೇ ಪುಸ್ತಕಗಳಲ್ಲಿ ಇಂದು ಮೊಮ್ಮಕ್ಕಳು ತಮ್ಮ ಪೂರ್ವಿಕರ ಊರು ಹುಡುಕುತ್ತಾರೆ.

ತಪ್ಪು ಮಾಡದವರಿಗೆ ಸೆರೆ

ಈಗ ಎರಡನೆಯ ಕಥೆ. 1940ರಲ್ಲಿ ಆಸ್ಟ್ರಿಯ, ಚೆಕೊಸ್ಲೊವಾಕಿಯ, ಪೋಲೆಂಡ್ ಮುಂತಾದ ಕಡೆಯ ಯಹೂದಿಗಳು ನಾಜಿಗಳಿಂದ ಪಾರಾಗಲು ಹಡಗೇರಿ ಪ್ಯಾಲೆಸ್ಟೈನಿನ ಹೈಫಾ ಬಂದರು ತಲುಪಿದರು. ಆಗ ಪ್ಯಾಲೆಸ್ಟೈನ್ ಬ್ರಿಟಿಷರ ಆಡಳಿತದಲ್ಲಿತ್ತು. ಯಹೂದಿಗಳ ವಲಸೆಗೆ 1939ರಲ್ಲೇ ಮಿತಿ ಹಾಕಲಾಗಿತ್ತು. ಪರವಾನಗಿ ಇಲ್ಲದ ಈ ನಿರಾಶ್ರಿತರಲ್ಲಿ ಸುಮಾರು 1,580 ಮಂದಿಯನ್ನು ಬ್ರಿಟಿಷರು ಬಲವಂತವಾಗಿ ಮತ್ತೆ ಹಡಗು ಹತ್ತಿಸಿದರು. ಡಿಸೆಂಬರ್ 26ರಂದು ಅವರು ಇಳಿದದ್ದು ಎಂದೂ ಕಂಡಿರದ ಮಾರಿಷಸ್‌ನಲ್ಲಿ.

ಬೋ ಬಾಸಾಂ ಊರಿನ ಸೆರೆಮನೆಯೇ ಅವರ ಮನೆಯಾಯಿತು. ಗಂಡಸರಿಗೆ ಕೈದಿಗಳ ಕೋಣೆ, ಹೆಂಗಸರು ಮಕ್ಕಳಿಗೆ ಪಕ್ಕದಲ್ಲಿ ತಗಡಿನ ಗುಡಿಸಲು. ಯಾರ ಮೇಲೂ ಮೊಕದ್ದಮೆಯಿಲ್ಲ, ಯಾರಿಗೂ ಶಿಕ್ಷೆಯಾಗಿಲ್ಲ. ಆದರೂ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಬಂಧನ. ಟೈಫಾಯಿಡ್, ಮಲೇರಿಯಗಳಿಗೆ ಹಲವರು ಬಲಿಯಾದರು. ಬಿಡುಗಡೆಯ ಹೊತ್ತಿಗೆ ತೀರಿಕೊಂಡವರ ಸಂಖ್ಯೆ ನೂರಿಪ್ಪತ್ತನ್ನು ಮೀರಿತ್ತು. ಆ ಬಂಧನದಲ್ಲೂ ಅವರು ಮಕ್ಕಳಿಗೆ ಶಾಲೆ ನಡೆಸಿದರು, ವಾದ್ಯವೃಂದ ಕಟ್ಟಿದರು. 1945ರ ಆಗಸ್ಟ್‌ನಲ್ಲಿ ಬಹುಪಾಲು ಜನ ಪ್ಯಾಲೆಸ್ಟೈನಿಗೆ ಮರಳಿದರು. ಹಿಂದೆ ಯೂರೋಪಿನಲ್ಲಿ ಉಳಿದ ಅನೇಕರ ಬಂಧುಗಳು ಅಷ್ಟರಲ್ಲಿ ಹತ್ಯೆಯಾಗಿದ್ದರು. ಸೇಂಟ್ ಮಾರ್ಟಿನ್ ಸ್ಮಶಾನದ ಬಳಿ 2014ರಲ್ಲಿ ಇವರ ನೆನಪಿಗೆ ಸ್ಮಾರಕ ಮತ್ತು ಮಾಹಿತಿ ಕೇಂದ್ರ ತೆರೆಯಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೂಲಿ ಪದ್ಧತಿಯದು ದುಡಿಮೆಯ ಸುಲಿಗೆ. ನಾಜಿಗಳದು ಒಂದು ಜನಾಂಗವನ್ನೇ ಅಳಿಸಿಹಾಕುವ ಯೋಜನೆ. ಅದರಲ್ಲಿ ಸತ್ತ ಯಹೂದಿಗಳು ಸುಮಾರು 60 ಲಕ್ಷ. ಆದರೆ ಎರಡು ಸ್ಮಾರಕಗಳಲ್ಲೂ ಒಂದು ಪಾಠ ಸಮಾನವಾಗಿದೆ: ಮನುಷ್ಯನನ್ನು ಮನುಷ್ಯನೆಂದು ಕಾಣದೆ ಬರೀ ಆಳೆಂದೋ ಹೊರೆಯೆಂದೋ ಎಣಿಸತೊಡಗಿದಾಗ ಅನ್ಯಾಯಕ್ಕೆ ದಾರಿ ಸಲೀಸಾಗುತ್ತದೆ.

ಬೆಂಗಳೂರಿನ ಬಾಗಿಲು

ಪೋಷಕರಿಗೊಂದು ಮಾತು. ‘ಚೆನ್ನಾಗಿ ಓದು, ಎಲ್ಲಿ ಹೋದರೂ ಬದುಕುತ್ತೀಯೆ’ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ಸರ್ ಸಿ.ವಿ. ರಾಮನ್ ಅವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935–36ರಲ್ಲಿ ಕೆಲವು ತಿಂಗಳು ಅವರು ಇಲ್ಲಿದ್ದರು. ಮುಂದೆ 1954ರಲ್ಲಿ ನೊಬೆಲ್ ಬಹುಮಾನ ಪಡೆದರು. ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಕೂಡ ನಾಜಿಗಳ ದೆಸೆಯಿಂದ ದೇಶ ಬಿಟ್ಟವರು. 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ವಿದ್ಯೆ ಅವರಿಗೆ ಬಾಗಿಲು ತೆರೆಯಿತು, ನಿಜ. ಆದರೆ ಆಹ್ವಾನಪತ್ರ ಇಲ್ಲದ ಸಾಮಾನ್ಯರಿಗೆ ಸಿಕ್ಕಿದ್ದು ಬೋ ಬಾಸಾಂ ಸೆರೆಮನೆ. ಬದುಕುವ ಹಕ್ಕು ಅಂಕಪಟ್ಟಿ ನೋಡಿ ಕೊಡುವಂಥದ್ದಲ್ಲ ಎಂಬುದನ್ನೂ ಮಕ್ಕಳು ಕಲಿಯಬೇಡವೆ?

ಮಾರಿಷಸ್‌ನ ಭಾರತೀಯ ಮೂಲದ ಲೇಖಕಿ ನತಾಶಾ ಅಪ್ಪಣ್ಣ 2007ರಲ್ಲಿ ಫ್ರೆಂಚ್ ಭಾಷೆಯಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದರು. ‘ಕೊನೆಯ ತಮ್ಮ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಭಾರತೀಯ ಮೂಲದ ಬಡ ಹುಡುಗ ರಾಜ್ ಮತ್ತು ಸೆರೆಯಲ್ಲಿದ್ದ ಯಹೂದಿ ಹುಡುಗ ಡೇವಿಡ್‌ರ ಗೆಳೆತನ ಅದರ ವಸ್ತು. ದ್ವೀಪದ ಎರಡು ನೆನಪುಗಳೂ ಅಲ್ಲಿ ಕೈ ಹಿಡಿದು ನಡೆಯುತ್ತವೆ.

ಮಾರಿಷಸ್‌ನಲ್ಲಿ ನವೆಂಬರ್ 2 ಕೂಲಿಗಳ ಆಗಮನದ ನೆನಪಿಗೆ ಸಾರ್ವಜನಿಕ ರಜೆ. ಆಷ್‌ವಿಟ್ಸ್ ಶಿಬಿರ ಬಿಡುಗಡೆಯಾದ ಜನವರಿ 27ನ್ನು ಹತ್ಯಾಕಾಂಡದ ಸ್ಮರಣೆಯ ದಿನವಾಗಿ ಆಚರಿಸಲು ವಿಶ್ವಸಂಸ್ಥೆ 2005ರಲ್ಲಿ ನಿರ್ಧರಿಸಿತು. ವಿದ್ಯಾರ್ಥಿಗಳೇ, ಆ ದಿನಗಳಲ್ಲಿ ಒಂದು ಸಣ್ಣ ಕೆಲಸ ಮಾಡಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದೇ ಇರುತ್ತಾರೆ. ಅವರ ಹೆಸರು, ಬಿಟ್ಟುಬಂದ ಊರು, ಬಂದ ವರ್ಷ, ಮಾಡಿದ ಕೆಲಸ ಕೇಳಿ ಬರೆದಿಡಿ. ವಸ್ತುಸಂಗ್ರಹಾಲಯ ಶುರುವಾಗುವುದು ಇಂಥ ಒಂದು ಹಾಳೆಯಿಂದಲೇ.